ಎಲ್ಲರಿಗೂ ಒಂದೇ ಗರ!

ಚೌಕಾಬಾರದಲ್ಲಿ ಸೋತವರನ್ನು ಕೇಳಿ ನೋಡಿ. "ನನಗೆ ಆಡೋಕೆ ಬರಲ್ಲ" ಅಂತ ಒಬ್ಬರಾದರೂ ಹೇಳುತ್ತಾರಾ? ಊಹೂಂ. "ನನಗೆ ಗರಾನೇ ಬೀಳ್ಲಿಲ್ಲ ಕಣೋ" ಅಂತಾರೆ. ಗೆದ್ದವರು ಮಾತ್ರ ಗರದ ಸುದ್ದಿ ಎತ್ತುವುದಿಲ್ಲ, ತಮ್ಮ ಬುದ್ಧಿವಂತಿಕೆಯ ಸುದ್ದಿ ಎತ್ತುತ್ತಾರೆ! ನಮ್ಮ ಬಿಳಿಗೆರೆಯ ಜಗಲಿಯಾಗಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜಗಲಿಯಾಗಲಿ, ಈ ಜಗಳ ಎಲ್ಲ ಕಡೆ ಒಂದೇ. ಗೆದ್ದದ್ದು ಆಟಗಾರನೋ, ಅವನ ಅದೃಷ್ಟವೋ?

ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಇದೆ. ಅದು ನನಗೆ ಸಿಕ್ಕಿದ್ದು ಮಾತ್ರ ವಿಚಿತ್ರವಾದ ಕಡೆ. 1991ರ ಒಂದು ಜಪಾನಿ ವಿಡಿಯೋ ಗೇಮನ್ನು ಇಸ್ಪೀಟಿನ ಕಟ್ಟಿನ ಹಾಗೆ ಕಲಸಿ, ಅಂತರ್ಜಾಲದಲ್ಲಿ ಅದರ ಓಟದ ಪಂದ್ಯ ಏರ್ಪಡಿಸುವ ಜನರಿದ್ದಾರೆ. ಅವರ ಹತ್ತಿರ ಸಿಕ್ಕಿತು. ಅವರಿಗಿಂತ ನೂರೈವತ್ತು ವರ್ಷ ಮೊದಲೇ ಲಂಡನ್ನಿನ ಇಸ್ಪೀಟು ಆಟಗಾರರು ಅದೇ ದಾರಿ ಹಿಡಿದಿದ್ದರು. ಈ ಬರಹ ಆ ದಾರಿಯ ಇತಿಹಾಸ. "ವಿಡಿಯೋ ಗೇಮಿಗೂ ತೆಂಗಿನ ಸೀಮೆಗೂ ಏನಪ್ಪಾ ಸಂಬಂಧ?" ಅಂತೀರಾ? ಇದೆ, ಸ್ವಲ್ಪ ತಾಳಿ.

ಕವಡೆ ಯಾರ ಕೈಯಲ್ಲಿ?

ಮೊದಲು ನಮ್ಮದೇ ಆಟ. ಚೌಕಾಬಾರ ಅಂದರೆ ಐದಕ್ಕೆ ಐದು, ಇಪ್ಪತ್ತೈದು ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ (ತೆಂಗಿನಕಾಯಿ ಅಲ್ಲ ಸ್ವಾಮಿ, ಆಟದ ಕಾಯಿ). ನಾಲ್ಕು ಕವಡೆ ಎಸೆಯಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜದ ಒಂದು ಮಗ್ಗುಲನ್ನು ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿಕೊಂಡರಾಯಿತು. ಹೊರಸುತ್ತು ಮುಗಿಸಿ, ಎದುರಾಳಿಯ ಕಾಯಿ ಕಡಿದು, ಒಳಸುತ್ತು ಹೊಕ್ಕು, ನಡುಮನೆಯಲ್ಲಿ ಮೊದಲು ಹಣ್ಣಾದವರು ಗೆದ್ದ ಹಾಗೆ. ಅಂದರೆ ಇದು ಓಟದ ಪಂದ್ಯ, ಆದರೆ ಓಟದ ವೇಗ ಕವಡೆಯ ಕೈಯಲ್ಲಿ.

ಚೌಕಾಬಾರದ ಅಣ್ಣ ಪಗಡೆ. ಅದು ಇಂಗ್ಲೆಂಡಿನಲ್ಲಿ ಲೂಡೋ ಅನ್ನುವ ಹೆಸರಲ್ಲಿ ಪೇಟೆಂಟ್ ಪಡೆದು, ಬಣ್ಣದ ರಟ್ಟಿನ ಮೇಲೆ ಕೂತು ನಮ್ಮಲ್ಲಿಗೇ ವಾಪಸ್ ಬಂತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಇಂಥ ಹಾಸಿನ ಆಟಗಳ ದೊಡ್ಡ ಅಭಿಮಾನಿ. ಹಳೆಯ ಆಟಗಳ ಹಾಸುಗಳನ್ನು ಬರೆಸಿದರು, ಹೊಸ ಆಟಗಳನ್ನು ತಾವೇ ಕಟ್ಟಿದರು, ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಲೆಕ್ಕವನ್ನೂ ಬಿಡಿಸಿದರು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾಕೌಶಲ್ಯ ಅನ್ನುವ ಹೆಸರಲ್ಲಿ ಇಂಥ ಆಟಗಳ ಪ್ರದರ್ಶನ ನಡೆಸಿಕೊಂಡು ಬಂದಿದೆ.

ಇಷ್ಟೆಲ್ಲ ಇದ್ದರೂ ಒಂದು ತೊಡಕು ಮಾತ್ರ ಮಹಾಭಾರತದ ಕಾಲದಿಂದ ಬಿಡಿಸದೆ ಹಾಗೇ ಉಳಿದಿತ್ತು. ಶಕುನಿಯ ಕತೆ ಗೊತ್ತಲ್ಲ? ದುರ್ಯೋಧನನ ಪರವಾಗಿ ಆಡಿದ್ದು ಅವನು. ದಾಳ ತನ್ನ ಅಪ್ಪನ ಮೂಳೆಯಿಂದ ಮಾಡಿದ್ದು, ಅದಕ್ಕೇ ಅವನು ಹೇಳಿದ ಹಾಗೆ ಬೀಳುತ್ತಿತ್ತು ಅಂತ ಜನಪದರು ಹೇಳುತ್ತಾರೆ. ಕತೆ ಹೇಳುವ ಮಾತು ಸರಳ: ಗರ ಯಾರ ಕೈಯಲ್ಲಿದೆಯೋ ಆಟ ಅವರದ್ದು. ಶಕುನಿಯಂಥ ಮೋಸವೇ ಬೇಕಿಲ್ಲ. ಒಂದು ಮನೆಯ ಕವಡೆ ಬೋರಲು ಬೀಳುವುದು ಹೆಚ್ಚು, ಇನ್ನೊಂದು ಮನೆಯದ್ದು ಕಡಿಮೆ. ಮೋಸ ಇಲ್ಲದಿದ್ದರೂ ಇಬ್ಬರಿಗೆ ಬೀಳುವ ಗರ ಬೇರೆ ಬೇರೆಯೇ.

ಲಂಡನ್ನಿನ ಇಸ್ಪೀಟು ಉಪಾಯ

ಗರವನ್ನೇ ತೆಗೆದುಹಾಕಿದರೆ ಚದುರಂಗವಾಗುತ್ತದೆ. ಗರವನ್ನು ಇಟ್ಟುಕೊಂಡೇ ನ್ಯಾಯ ಮಾಡುವುದು ಹೇಗೆ? 1857ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಯೋಗ ನಡೆಯಿತು. ಮಾಡಿಸಿದವರು ಕ್ಯಾವೆಂಡಿಶ್ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಹೆನ್ರಿ ಜೋನ್ಸ್. ಆಟ ವಿಸ್ಟ್, ಇಂದಿನ ಬ್ರಿಡ್ಜ್ ಆಟದ ಅಜ್ಜ. ಒಂದು ಮೇಜಿನಲ್ಲಿ ಆಡಿದ ಅದೇ ಎಲೆಗಳನ್ನು ಇನ್ನೊಂದು ಮೇಜಿನಲ್ಲಿ ಜಾಗ ಬದಲಿಸಿ ಆಡಿಸಿದರು. ಅಲ್ಲಿ ಒಳ್ಳೆಯ ಆಟಗಾರರಿಗೆ ಬಂದ ಎಲೆ ಇಲ್ಲಿ ಎಳಸು ಆಟಗಾರರಿಗೆ ಬಂತು. ಈಗ ಎಲೆ ಚೆನ್ನಾಗಿ ಬರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಒಳ್ಳೆಯ ಆಟಗಾರರೇ ಮುಂದೆ ಬಂದರು.

ಇದರಿಂದ ಬೆಳೆದದ್ದು ಡೂಪ್ಲಿಕೇಟ್ ಬ್ರಿಡ್ಜ್. ಕಲಸಿ ಹಂಚಿದ ಎಲೆಗಳನ್ನು ನಾಲ್ಕು ಖಾನೆಯ ಹಲಗೆಯಲ್ಲಿಟ್ಟು ಮೇಜಿಂದ ಮೇಜಿಗೆ ದಾಟಿಸುತ್ತಾರೆ. ನಿಮಗೆ ಕೆಟ್ಟ ಎಲೆ ಬಂದಿರಬಹುದು, ಆದರೆ ಅದೇ ಕೆಟ್ಟ ಎಲೆ ಇಟ್ಟುಕೊಂಡು ಬೇರೆ ಮೇಜಿನವರು ಏನು ಮಾಡಿದರು ಅನ್ನುವುದರ ಮೇಲೆ ನಿಮಗೆ ಅಂಕ. ಅದೃಷ್ಟ ಇದೆ, ಆದರೆ ಎಲ್ಲರಿಗೂ ಒಂದೇ ಅದೃಷ್ಟ.

ಬಾಯಿಪಾಠವಾದ ಆಟಗಳು

ಈಗ ವಿಡಿಯೋ ಗೇಮಿಗೆ ಬರೋಣ. 1980ರಲ್ಲಿ ಅಟಾರಿ ಕಂಪನಿ ಅಮೆರಿಕದಲ್ಲಿ ಸ್ಪೇಸ್ ಇನ್ವೇಡರ್ಸ್ ಪಂದ್ಯ ನಡೆಸಿದಾಗ ಹತ್ತು ಸಾವಿರಕ್ಕೂ ಹೆಚ್ಚು ಜನ ಆಡಿದರು. ಆಗ ಪೈಪೋಟಿ ಅಂಕಕ್ಕಾಗಿ. ನಿಧಾನವಾಗಿ ಅದು ಸಮಯಕ್ಕೆ ತಿರುಗಿತು: ಆಟವನ್ನು ಯಾರು ಬೇಗ ಮುಗಿಸುತ್ತಾರೆ? ಇದಕ್ಕೆ ಸ್ಪೀಡ್‌ರನ್ ಅಂತ ಹೆಸರು. 2010ರ ಜನವರಿಯಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಇಂಥ ಕೆಲವು ಆಟಗಾರರು ಒಬ್ಬರ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಸೇರಿ, ಆಡುವುದನ್ನು ಅಂತರ್ಜಾಲದಲ್ಲಿ ತೋರಿಸಿ, ಕೇರ್ ಸಂಸ್ಥೆಗೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಚಂದಾ ಎತ್ತಿದರು. ಅದೇ ಗೇಮ್ಸ್ ಡನ್ ಕ್ವಿಕ್. ಮುಂದೆ ಇದು ಒಂದೊಂದು ಸಲಕ್ಕೆ ಲಕ್ಷಗಟ್ಟಲೆ ಡಾಲರ್ ಎತ್ತುವಷ್ಟು ಬೆಳೆಯಿತು.

ಆದರೆ ಒಂದು ಕಷ್ಟ. ಹಳೆಯ ಆಟ ಬದಲಾಗುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಟೀವಿಗೆ ಸಿಕ್ಕಿಸುತ್ತಿದ್ದ ಕ್ಯಾಸೆಟ್ ಗೇಮಿನ ಮಾರಿಯೋ ನೆನಪಿರಬಹುದು ("9999 ಆಟಗಳು" ಅಂತ ಬರೆದಿರುತ್ತಿತ್ತು, ಒಳಗೆ ಅವೇ ಹತ್ತಿಪ್ಪತ್ತು ಆಟ!). 1985ರ ಆ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಯಾವ ಕೊಳವೆ ಎಲ್ಲಿದೆ, ಯಾವ ಆಮೆ ಯಾವಾಗ ಬರುತ್ತದೆ, ಎಲ್ಲ ಬಾಯಿಪಾಠ. 2021ರ ಏಪ್ರಿಲ್‌ನಲ್ಲಿ ನಿಫ್ಟ್‌ಸ್ಕಿ ಅನ್ನುವ ಆಟಗಾರ ಅದನ್ನು 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿದ. 4 ನಿಮಿಷ 55 ಸೆಕೆಂಡಿನೊಳಗೆ ಮುಗಿಸಿದವರಲ್ಲಿ ಅವನೇ ಮೊದಲಿಗ. ಅಲ್ಲಿಗೆ ಪೈಪೋಟಿ ಸೆಕೆಂಡಿನ ಅರವತ್ತನೇ ಒಂದು ಭಾಗದ ಲೆಕ್ಕಕ್ಕೆ ಇಳಿದಿತ್ತು. ಸಾಧನೆ ದೊಡ್ಡದೇ, ಸುಳ್ಳಲ್ಲ. ಆದರೆ ಅಲ್ಲಿ "ಮುಂದೇನು?" ಅನ್ನುವ ಕುತೂಹಲ ಉಳಿದಿಲ್ಲ.

ಚದುರಂಗದಲ್ಲೂ ಇದೇ ಕಾಯಿಲೆ. ಮೊದಲ ಹದಿನೈದು ಇಪ್ಪತ್ತು ನಡೆ ಬಾಯಿಪಾಠವಾಗಿಬಿಟ್ಟಿವೆ ಅಂತ ಬಾಬಿ ಫಿಷರ್ ಬೇಸತ್ತು, 1996ರಲ್ಲಿ ಹೊಸ ಪದ್ಧತಿ ಸಾರಿದ. ಹಿಂದಿನ ಸಾಲಿನ ಕಾಯಿಗಳನ್ನು ಕಲಸಿ ಇಡುವುದು. ಒಟ್ಟು 960 ರೀತಿಯಲ್ಲಿ ಇಡಬಹುದು. ಗಮನಿಸಿ, ಬಿಳಿಗೂ ಕಪ್ಪಿಗೂ ಒಂದೇ ಕಲಸು. 2019ರಲ್ಲಿ ವಿಶ್ವ ಚದುರಂಗ ಸಂಸ್ಥೆಯೇ ಇದರ ಮೊದಲ ವಿಶ್ವ ಪಂದ್ಯ ನಡೆಸಿತು. ಫೈನಲ್‌ನಲ್ಲಿ ವೆಸ್ಲಿ ಸೋ, ಮ್ಯಾಗ್ನಸ್ ಕಾರ್ಲ್‌ಸನ್‌ನನ್ನು ಸೋಲಿಸಿದ.

ಬೀಜದ ಮಾತು

ಫಿಷರ್‌ನದ್ದು ಎಂಟು ಕಾಯಿಗಳ ಕಲಸು. ಒಂದು ಇಡೀ ವಿಡಿಯೋ ಗೇಮನ್ನು ಕಲಸಬೇಕಾದರೆ? ಅಲ್ಲಿ ನಮ್ಮ ತೆಂಗಿನ ಸೀಮೆಗೆ ಬಹಳ ಗುರುತಿರುವ ಒಂದು ಪದ ಬರುತ್ತದೆ, ಬೀಜ.

ಗಣಕಕ್ಕೆ ನಿಜವಾಗಿ ಕವಡೆ ಎಸೆಯಲು ಬರುವುದಿಲ್ಲ. ಅದು ಲೆಕ್ಕ ಮಾಡಿ ಕವಡೆ ಎಸೆದಂತೆ ನಟಿಸುತ್ತದೆ. 1949ರಲ್ಲಿ ಗಣಿತಜ್ಞ ಡಿ. ಎಚ್. ಲೆಹ್ಮರ್ ತೋರಿಸಿದ ಉಪಾಯ ಇದಕ್ಕೆ ಮೂಲ. ಅದರ ಸಣ್ಣ ಮಾದರಿಯೊಂದನ್ನು ನೀವೇ ಪೆನ್ನು ಹಿಡಿದು ಮಾಡಿ ನೋಡಿ. ಒಂದು ಸಂಖ್ಯೆ ತೆಗೆದುಕೊಳ್ಳಿ. ಐದರಿಂದ ಗುಣಿಸಿ, ಮೂರು ಕೂಡಿಸಿ, ಹದಿನಾರರಿಂದ ಭಾಗಿಸಿ ಉಳಿದ ಶೇಷ ಬರೆಯಿರಿ. ಆ ಶೇಷಕ್ಕೆ ಮತ್ತೆ ಅದೇ ಲೆಕ್ಕ. 1ರಿಂದ ಶುರು ಮಾಡಿದರೆ 8, 11, 10, 5, 12 ಅಂತ ಹೋಗುತ್ತದೆ. 2ರಿಂದ ಶುರು ಮಾಡಿದರೆ 13, 4, 7, 6. ನೋಡುವವರಿಗೆ ಮನಸ್ಸಿಗೆ ಬಂದ ಹಾಗೆ ಬಿದ್ದ ಗರದಂತೆ ಕಾಣುತ್ತದೆ, ಆದರೆ ಬಿಳಿಗೆರೆಯಲ್ಲಿ ಮಾಡಿದರೂ ಬರ್ಲಿನ್‌ನಲ್ಲಿ ಮಾಡಿದರೂ 1ರಿಂದ ಹೊರಟವರಿಗೆ ಇದೇ ಸಾಲು. ಆ ಮೊದಲ ಸಂಖ್ಯೆಗೆ ಇಂಗ್ಲಿಷಿನಲ್ಲಿ ಸೀಡ್ ಅನ್ನುತ್ತಾರೆ, ಅಂದರೆ ಬೀಜ.

ತೆಂಗು ಬೆಳೆಯುವವರಿಗೆ ಇದು ಸೋಜಿಗವೇ. ನಮ್ಮ ತಿಪಟೂರು ಎತ್ತರದ ತಳಿಯಲ್ಲಿ ಒಳ್ಳೆಯ ತಾಯಿಮರ ನೋಡಿ ಬೀಜದಕಾಯಿ ಇಳಿಸಿದರೂ ಪರಾಗ ಬೇರೆ ಮರದಿಂದ ಬಂದಿರುತ್ತದೆ. ಒಂದೇ ಗೊನೆಯ ಎರಡು ಸಸಿ ಒಂದೇ ಥರ ಆಗುವುದಿಲ್ಲ. ಗೊತ್ತಾಗಬೇಕಾದರೆ ಆರೆಂಟು ವರ್ಷ ಕಾಯಬೇಕು. ಗಣಕದ ಬೀಜ ಹಾಗಲ್ಲ. ಒಂದೇ ಬೀಜಕ್ಕೆ ಒಂದೇ ಮರ, ಒಂದೇ ಗೊನೆ, ಒಂದೊಂದು ಕಾಯೂ ಅಲ್ಲಲ್ಲೇ!

ಗೇಮು ಬರೆಯುವವರು ಇದನ್ನು ಬೇಗ ಬಳಸಿಕೊಂಡರು. 1980ರ ರೋಗ್ ಆಟದಲ್ಲಿ ಪ್ರತಿಸಲ ಹೊಸ ಗುಹೆ. 1984ರ ಎಲೈಟ್ ಆಟದಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಟು ನಕ್ಷತ್ರಪುಂಜಗಳನ್ನು, ಒಂದೊಂದರಲ್ಲಿ 256 ಲೋಕಗಳನ್ನು, ಬೀಜದ ಸಂಖ್ಯೆಯಿಂದಲೇ ಬೆಳೆಸಿ ಆ ಕಾಲದ ಪುಟ್ಟ ಗಣಕದೊಳಗೆ ತುಂಬಿದರು.

ಕಲಸಿದ ಜೆಲ್ಡಾ

1991ರ ನವೆಂಬರಿನಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಒಂದು ಜೆಲ್ಡಾ ಆಟ ಬಿಡುಗಡೆ ಮಾಡಿತು. ಇಂಗ್ಲಿಷಿನಲ್ಲಿ ಅದರ ಹೆಸರು ಎ ಲಿಂಕ್ ಟು ದ ಪಾಸ್ಟ್. ಲಿಂಕ್ ಅನ್ನುವ ಹುಡುಗ ಬೆಳಕಿನ ಲೋಕ, ಕತ್ತಲ ಲೋಕ ಎರಡನ್ನೂ ಸುತ್ತಿ, ಪೆಟ್ಟಿಗೆಗಳಿಂದ ಬಿಲ್ಲು, ಸುತ್ತಿಗೆ, ಕೊಕ್ಕೆಹಗ್ಗ, ದೀಪ ಸಂಪಾದಿಸಿ ಗ್ಯಾನನ್ ಎಂಬ ದುಷ್ಟನನ್ನು ಕೊಲ್ಲಬೇಕು. ಇಪ್ಪತ್ತೈದು ವರ್ಷ ಆಡಿ ಆಡಿ ಆ ಪೆಟ್ಟಿಗೆಗಳೂ ಬಾಯಿಪಾಠವಾದವು.

2016-17ರ ಹೊತ್ತಿಗೆ ವೀಟೋರ್ಪ್ ಅನ್ನುವ ಅಡ್ಡಹೆಸರಿನ ಪ್ರೋಗ್ರಾಮರ್ ಮತ್ತು ಜೊತೆಗಾರರು, ಹಿಂದಿನ ಹವ್ಯಾಸಿಗಳ ಕೆಲಸ ಮುಂದುವರಿಸಿ, ಈ ಆಟದ ರ‍್ಯಾಂಡಮೈಜರನ್ನು ಅಂತರ್ಜಾಲದಲ್ಲಿ ಎಲ್ಲರ ಕೈಗೆ ಸಿಗುವಂತೆ ಮಾಡಿದರು. ಅದು ಮಾಡುವ ಕೆಲಸ ಇಷ್ಟೇ: ಆಟದ 216 ಜಾಗಗಳಲ್ಲಿರುವ ವಸ್ತುಗಳನ್ನು ಕಲಸಿಬಿಡುವುದು. ಮನೆಯ ಪೆಟ್ಟಿಗೆಯಲ್ಲಿ ದೀಪದ ಬದಲು ಸುತ್ತಿಗೆ ಇರಬಹುದು, ಬರೀ ಚಿಲ್ಲರೆ ಕಾಸೂ ಇರಬಹುದು. ಆದರೆ ಸುಮ್ಮನೆ ಕಲಸಿದರೆ ಸಾಲದು. ಬೀಗದ ಕೈ ಅದೇ ಬೀಗದ ಹಿಂದೆ ಸೇರಿಕೊಂಡರೆ ಆಟ ಮುಗಿಯುವುದೇ ಇಲ್ಲ. ಆದ್ದರಿಂದ ತಂತ್ರಾಂಶ ಮುಖ್ಯ ವಸ್ತುಗಳನ್ನು ಒಂದೊಂದಾಗಿ ಇಡುತ್ತದೆ. ಇನ್ನೂ ಇಡದೇ ಇರುವ ವಸ್ತುಗಳೆಲ್ಲ ಆಟಗಾರನ ಬಳಿ ಇವೆ ಅಂತ ಇಟ್ಟುಕೊಂಡರೆ ಅವನು ಎಲ್ಲೆಲ್ಲಿಗೆ ಹೋಗಬಲ್ಲ ಅಂತ ಲೆಕ್ಕ ಹಾಕಿ, ಆ ಜಾಗಗಳಲ್ಲೇ ಇಡುತ್ತದೆ. ಹಾಗಾಗಿ ಎಷ್ಟೇ ಕಲಸಿದರೂ ದಾರಿ ಒಂದು ಇದ್ದೇ ಇರುತ್ತದೆ. ಆ ದಾರಿ ಯಾವುದು ಅಂತ ಊಹಿಸುವುದೇ ಈಗ ಆಟ.

ಪಂದ್ಯ ನಡೆಸುವವರ ತಲೆನೋವು

2017ರಿಂದ ಇದರ ಪಂದ್ಯಾವಳಿಗಳು ನಡೆಯುತ್ತಿವೆ. ಆಟಗಾರರು ಒಂದೇ ಊರಿನವರಲ್ಲ, ಅವರವರ ಮನೆಯಲ್ಲೇ ಕೂತು ಆಡುತ್ತಾರೆ. ಎದುರಾಳಿ ಸಾವಿರಾರು ಮೈಲಿ ದೂರ. ಹಾಗಿದ್ದಾಗ ನಂಬಿಕೆ ಹೇಗೆ ಬರಬೇಕು? ಸಂಘಟಕರ ಇಡೀ ಕೆಲಸ ಇರುವುದು ಈ ಪ್ರಶ್ನೆಯ ಸುತ್ತಲೇ.

ಮೊದಲನೆಯದು, ಬೀಜ ಆಟಗಾರರ ಕೈಗೆ ಮುಂಚೆ ಸಿಗಬಾರದು. ಪಂದ್ಯದ ಸಮಯಕ್ಕೆ ಸರಿಯಾಗಿ ಅದನ್ನು ಹುಟ್ಟಿಸಿ ಇಬ್ಬರಿಗೂ ಒಟ್ಟಿಗೆ ಕೊಡುತ್ತಾರೆ. ಸಾಮಾನ್ಯವಾಗಿ ಯಾವ ವಸ್ತು ಎಲ್ಲಿದೆ ಅನ್ನುವ ಪಟ್ಟಿಯೂ ತಯಾರಾಗುತ್ತದೆ. ಪಂದ್ಯದ ಪ್ರತಿಯಲ್ಲಿ ಆ ಪಟ್ಟಿ ಸಿಗದ ಹಾಗೆ ಮುಚ್ಚಿರುತ್ತಾರೆ. ಮೂಲ ಆಟ ಕಂಪನಿಯ ಸ್ವತ್ತು, ಆದ್ದರಿಂದ ಅದನ್ನು ಹಂಚುವುದಿಲ್ಲ. ಆಟಗಾರ ತನ್ನ ಬಳಿ ಇರುವ ಜಪಾನಿ ಪ್ರತಿಗೆ ಬದಲಾವಣೆಯ ತುಂಡನ್ನಷ್ಟೇ ಹಚ್ಚಿಕೊಳ್ಳಬೇಕು.

ಎರಡನೆಯದು, ಇಬ್ಬರ ಬಳಿಯೂ ಅದೇ ಬೀಜ ಇದೆ ಅಂತ ಕಣ್ಣಿಗೆ ಕಾಣಬೇಕು. ಇದಕ್ಕೊಂದು ಚೆಂದದ ಉಪಾಯ ಇದೆ. ಆಟ ಶುರುವಾಗುವ ತೆರೆಯ ಮೇಲೆ ಐದು ಪುಟ್ಟ ಚಿತ್ರಗಳು ಬರುತ್ತವೆ, ಬಿಲ್ಲು, ಬಾಂಬು, ಸುತ್ತಿಗೆ ಹೀಗೆ. ಒಂದೊಂದು ಬೀಜಕ್ಕೆ ಒಂದೊಂದು ಐದರ ಸಾಲು. ಇಬ್ಬರ ಸಾಲೂ ಹೊಂದಿದರೆ ಒಂದೇ ಲೋಕ, ಹೊಂದದಿದ್ದರೆ ಪಂದ್ಯ ಶುರುವಿಲ್ಲ.

ಮೂರನೆಯದು ಗಡಿಯಾರ. ಮೊದಲು ಸ್ಪೀಡ್‌ರನ್ಸ್‌ಲೈವ್ ಎಂಬ ತಾಣದ ಹರಟೆಕೋಣೆಯಲ್ಲಿ, ಆಮೇಲೆ ರೇಸ್‌ಟೈಮ್ ಎಂಬ ತಾಣದಲ್ಲಿ, ಒಂದು ಯಂತ್ರಮಾನವ ತಂತ್ರಾಂಶವೇ ತೀರ್ಪುಗಾರ. ಎಲ್ಲರೂ "ಸಿದ್ಧ" ಅಂದ ಮೇಲೆ ಅದು ಎಣಿಸಿ ಓಟ ಬಿಡುತ್ತದೆ, "ಮುಗೀತು" ಅಂದಾಗ ಸಮಯ ಬರೆದುಕೊಳ್ಳುತ್ತದೆ. ಒಂದು ಓಟಕ್ಕೆ ಸುಮಾರು ಒಂದೂವರೆ, ಎರಡು ಗಂಟೆ. ಆಟಗಾರರ ತೆರೆಯನ್ನು ಟ್ವಿಚ್ ತಾಣದಲ್ಲಿ ಎಲ್ಲರೂ ನೋಡಬಹುದು. ಇಬ್ಬರ ತೆರೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸುವವರು, ವಿವರಣೆ ಹೇಳುವವರು, ಯಾರಿಗೆ ಏನು ಸಿಕ್ಕಿತು ಅಂತ ಗುರುತು ಹಾಕುವವರು, ಎಲ್ಲ ಪುಕ್ಕಟೆ ದುಡಿಯುವ ಸ್ವಯಂಸೇವಕರು. ನಮ್ಮ ಕಡೆ ಊರಹಬ್ಬದ ನಾಟಕಕ್ಕೆ ಪರದೆ ಎಳೆಯುವವರು, ಲೈಟು ಹಿಡಿಯುವವರು ಇರುತ್ತಾರಲ್ಲ, ಹಾಗೆ.

ಇನ್ನು ಹೊತ್ತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ರಾತ್ರಿ 8 ಗಂಟೆ ಅಂದರೆ ಜರ್ಮನಿಯಲ್ಲಿ ನಡುರಾತ್ರಿ 2, ಬಿಳಿಗೆರೆಯಲ್ಲಿ ಹಾಲು ಕರೆದು ಡೈರಿಗೆ ಹೊರಡುವ ಬೆಳಗಿನ 5.30. ಎಲ್ಲರನ್ನೂ ಒಂದೇ ಹೊತ್ತಿಗೆ ಕೂರಿಸಲಾಗದಿದ್ದಾಗ ಅರ್ಹತಾ ಸುತ್ತಿನಲ್ಲಿ ಅವರವರ ಹೊತ್ತಿಗೆ ಒಂದೇ ಬೀಜ ಆಡಿಸಿ, ಮೊದಲು ಬಂದ ಕೆಲವರ ಸರಾಸರಿ ಸಮಯಕ್ಕೆ ಹೋಲಿಸಿ ಅಂಕ ಕೊಡುವುದುಂಟು. ಬ್ರಿಡ್ಜ್ ಹಲಗೆ ಮೇಜಿಂದ ಮೇಜಿಗೆ ಹೋದ ಹಾಗೆ ಇಲ್ಲಿ ಬೀಜ ದೇಶದಿಂದ ದೇಶಕ್ಕೆ ಹೋಗುತ್ತದೆ.

ಒಂದೇ ಗರ ಇಲ್ಲದಿದ್ದರೆ?

ಇಷ್ಟೆಲ್ಲ ಯಾಕೆ ಅನ್ನಿಸಿದರೆ 2020ರ ಒಂದು ಪ್ರಕರಣ ನೋಡಿ. ಮೈನ್‌ಕ್ರಾಫ್ಟ್ ಆಟದ ಒಂದು ಬಗೆಯ ಸ್ಪೀಡ್‌ರನ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಲೋಕ, ಬೇರೆ ಬೇರೆ ಅದೃಷ್ಟ. ಡ್ರೀಮ್ ಎಂಬ ಹೆಸರಿನ ಪ್ರಸಿದ್ಧ ಅಮೆರಿಕನ್ ಆಟಗಾರನ ಓಟಗಳಲ್ಲಿ, ನೂರಕ್ಕೆ ಐದಕ್ಕಿಂತ ಕಡಿಮೆ ಸಲ ಸಿಗಬೇಕಾದ ಮುತ್ತು 262 ವ್ಯಾಪಾರದಲ್ಲಿ 42 ಸಲ ಸಿಕ್ಕಿತ್ತು. ಲೆಕ್ಕದ ಪ್ರಕಾರ ಹನ್ನೆರಡು ಹದಿಮೂರು ಸಿಕ್ಕಿದ್ದರೆ ಸರಿ. ತೀರ್ಪುಗಾರರು ಪುಟಗಟ್ಟಲೆ ಸಂಭವನೀಯತೆಯ ಲೆಕ್ಕ ಹಾಕಿ ಡಿಸೆಂಬರಿನಲ್ಲಿ ಆ ಓಟವನ್ನು ತಳ್ಳಿಹಾಕಿದರು. ಅವನು ಮೊದಲು ಅಲ್ಲಗಳೆದು, 2021ರಲ್ಲಿ ತನಗೆ ಗೊತ್ತಿಲ್ಲದೆ ಬದಲಾವಣೆಯ ತಂತ್ರಾಂಶವೊಂದು ಓಡುತ್ತಿತ್ತು ಅಂದ. ಅಲ್ಲಿಯವರೆಗೆ ಅಭಿಮಾನಿಗಳಿಗೂ ಲೆಕ್ಕದವರಿಗೂ ದೊಡ್ಡ ರಾದ್ಧಾಂತ. ಶಕುನಿಯ ದಾಳದ ಜಗಳವೇ, ಹೊಸ ವೇಷದಲ್ಲಿ. ಎಲ್ಲರಿಗೂ ಒಂದೇ ಬೀಜ ಕೊಟ್ಟು ಒಟ್ಟಿಗೆ ಓಡಿಸಿದ್ದರೆ "ನಿನಗೆ ಮಾತ್ರ ಹೇಗೆ ಬಿತ್ತು?" ಅನ್ನುವ ಪ್ರಶ್ನೆ ಇಷ್ಟು ದೂರ ಹೋಗುತ್ತಿರಲಿಲ್ಲ.

ಹಾಗಂತ ಒಂದೇ ಬೀಜದಿಂದ ಅದೃಷ್ಟ ಪೂರ್ತಿ ಹೋಗುವುದಿಲ್ಲ. ಇಬ್ಬರಿಗೂ ಎರಡು ಗುಹೆ ಎದುರಾಗುತ್ತವೆ. ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ. ಸುತ್ತಿಗೆ ಎಡದಲ್ಲಿದ್ದರೆ ಎಡಕ್ಕೆ ಹೋದವನು ಹತ್ತು ನಿಮಿಷ ಮುಂದೆ. ಅವನು ಲೆಕ್ಕ ಹಾಕಿ ಹೋದನೋ, ಸುಮ್ಮನೆ ಹೋದನೋ? ಒಂದು ಓಟದಲ್ಲಿ ಹೇಳಲಾಗದು. ಅದಕ್ಕೇ ಮುಖ್ಯ ಪಂದ್ಯಗಳಲ್ಲಿ ಮೂರರಲ್ಲಿ ಎರಡು ಗೆಲ್ಲಬೇಕು ಅನ್ನುವ ನಿಯಮ ಇಡುತ್ತಾರೆ. ಗರ ಸಮ ಮಾಡಬಹುದು, ಆಯ್ಕೆಯನ್ನು ಸಮ ಮಾಡಲಾಗದು, ಮಾಡಲೂಬಾರದು. ಆಟ ಇರುವುದೇ ಅಲ್ಲಿ.

ನಮ್ಮ ಜಗಲಿಗೆ

ನನಗೆ ಈ ಇತಿಹಾಸದಲ್ಲಿ ಮನಸ್ಸಿಗೆ ಹಿಡಿಸಿದ್ದು ತಂತ್ರಜ್ಞಾನವಲ್ಲ. ಕಂಪನಿಯೇ ಮರೆಯಬಹುದಾಗಿದ್ದ ಹಳೆಯ ಆಟವೊಂದನ್ನು ಜನ ನಿಯಮ ಬರೆದಿಟ್ಟು, ನ್ಯಾಯ ಕಟ್ಟಿ, ಸಂಬಳವಿಲ್ಲದೆ ದುಡಿದು ಮತ್ತೆ ಹೊಸದು ಮಾಡಿದರು. ನಮ್ಮ ಚೌಕಾಬಾರಕ್ಕೆ ಊರಿಗೊಂದು ನಿಯಮ. ಗಣೇಶನ ಹಬ್ಬದ ಸ್ಪರ್ಧೆಗಳಲ್ಲಿ ಚಮಚ-ನಿಂಬೆಹಣ್ಣು, ಕುರ್ಚಿ ಆಟ ಇರುತ್ತವೆ, ಚೌಕಾಬಾರ ಕಾಣುವುದು ಅಪರೂಪ. ಯಾಕೆ ಅಂದರೆ ಅದು "ಅದೃಷ್ಟದ ಆಟ", ಬಹುಮಾನ ಕೊಟ್ಟರೆ ಜಗಳ.

ಜಗಳ ಇಲ್ಲದೆ ನಡೆಸಬಹುದು, ಗಣಕವೂ ಬೇಡ. ಆಡದೇ ಇರುವ ಹಿರಿಯರೊಬ್ಬರು ಮೊದಲೇ ಒಂದೇ ಜೊತೆ ಕವಡೆ ಎಸೆದು ನಾಲ್ಕು ಪಟ್ಟಿ ಬರೆಯಲಿ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣದ ಮನೆಗಳಿಗೆ ಒಂದೊಂದು, ಒಂದೊಂದರಲ್ಲಿ ಇನ್ನೂರು ಗರ. ಅದರ ನಕಲನ್ನು ಲಕೋಟೆಯಲ್ಲಿ ಮುಚ್ಚಿ ಪ್ರತಿ ಹಾಸಿಗೂ ಕೊಡಿ. ಹಾಸಿಗೊಬ್ಬರು ಕೂಗುವವರು. ಯಾರ ಸರದಿಯೋ ಅವರ ಪಟ್ಟಿಯ ಮುಂದಿನ ಗರ ಕೂಗಿ ಗೆರೆ ಎಳೆಯಲಿ. ಕಾಯಿ ಕಡಿದು ಇನ್ನೊಂದು ಆಟ ಸಿಕ್ಕರೆ ಅವರ ಪಟ್ಟಿಯಿಂದಲೇ ಇನ್ನೊಂದು. ಕೊನೆಗೆ ಹೋಲಿಕೆ ಒಂದೇ ಹಾಸಿನ ನಾಲ್ವರ ನಡುವೆ ಅಲ್ಲ. ಎಲ್ಲ ಹಾಸಿನ ಪೂರ್ವದವರನ್ನು ಪೂರ್ವದವರ ಜೊತೆಗೇ, ಪಶ್ಚಿಮದವರನ್ನು ಪಶ್ಚಿಮದವರ ಜೊತೆಗೇ. ಯಾರು ಕಡಿಮೆ ಗರದಲ್ಲಿ ನಾಲ್ಕೂ ಕಾಯಿ ಹಣ್ಣು ಮಾಡಿದರು? ಆಟ ಮುಗಿದ ಮೇಲೆ ಪಟ್ಟಿಗಳನ್ನು ದೇವಸ್ಥಾನದ ಗೋಡೆಗೆ ಅಂಟಿಸಿಬಿಡಿ. ಯಾರು ಬೇಕಾದರೂ ತಾಳೆ ನೋಡಿಕೊಳ್ಳಲಿ.

ಆಗ "ನನಗೆ ಗರಾನೇ ಬೀಳ್ಲಿಲ್ಲ ಕಣೋ" ಅನ್ನುವವರಿಗೆ ಪಕ್ಕದ ಹಾಸನ್ನು ತೋರಿಸಿದರೆ ಸಾಕು. ಅಲ್ಲಿ ಅದೇ ಗರ ಬಿದ್ದವರು ಗೆದ್ದು ಕಾಫಿ ಕುಡಿಯುತ್ತಾ ಕೂತಿರುತ್ತಾರೆ :)

ನಿಮ್ಮ ಊರಿನ ಕಡೆ ಚೌಕಾಬಾರದ ನಿಯಮ ಬೇರೆ ಇದ್ದರೆ ಒಂದು ಸಾಲು ಬರೆದು ತಿಳಿಸಿ. ಕಡಿಯದೆ ಒಳಸುತ್ತಿಗೆ ಬಿಡುತ್ತೀರೋ ಇಲ್ಲವೋ, ಅದನ್ನಂತೂ ತಪ್ಪದೆ ಹೇಳಿ. ಪಂದ್ಯ ನಡೆಸಬೇಕಾದರೆ ಮೊದಲು ಬರೆದಿಡಬೇಕಾದ ನಿಯಮ ಅದೇ.